ಮೋಡದ ಮೇಲೂ ಮಿಂಚುಂಟು: ಸಿ.ಟಿ.ಆರ್. ವಿಲ್ಸನ್ ಅವರ ಬದುಕು

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮನೆಗೆ ಬಂದು ಕೇಳಿದರು. ಬಂದವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. 1979ರಿಂದ ಇಪ್ಪತ್ತೊಂದು ವರ್ಷ ಇದೇ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಇಲ್ಲವೆನ್ನಲಾಗಲಿಲ್ಲ. ನಾನು ಸರ್ ಸಿ.ವಿ. ರಾಮನ್ ಅವರ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಸ್ಕಾಟ್ಲೆಂಡಿನ ಚಾರ್ಲ್ಸ್ ಥಾಮ್ಸನ್ ರೀಸ್ ವಿಲ್ಸನ್ ಅವರನ್ನು. ಅದಕ್ಕೆ ಕಾರಣ ಈ ಶಾಲೆಯ ಒಂಬತ್ತನೆಯ ತರಗತಿಯ ಕೊಠಡಿಯಲ್ಲೇ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

1982ರ ಜೂನ್ ತಿಂಗಳು. ಬೇಸಿಗೆ ರಜೆ ಮುಗಿದು ಶಾಲೆ ಆಗಷ್ಟೇ ಶುರುವಾಗಿತ್ತು. ಅಂದು ಸ್ಥಿರವಿದ್ಯುತ್ತಿನ ಪಾಠ. ಹಟ್ಟಿಯಿಂದ ಬರುತ್ತಿದ್ದ ಕುರಿಗಾಹಿ ಮನೆತನದ ಹುಡುಗನೊಬ್ಬ ಎದ್ದು ನಿಂತು ಒಂದು ಸಂಗತಿ ಹೇಳಿದ. ರಜೆಯಲ್ಲಿ ಅಪ್ಪನ ಜೊತೆ ಗುಡ್ಡದ ಮೇಲೆ ಕುರಿ ತರುಬಿಕೊಂಡು ರಾತ್ರಿ ಕಾವಲಿದ್ದನಂತೆ. ಪಡುವಣ ದಿಕ್ಕಿನಲ್ಲಿ, ಬಹು ದೂರದಲ್ಲಿ ಮೋಡ ಮಿಂಚುತ್ತಿತ್ತು. ಗುಡುಗಿನ ಸದ್ದು ಕೇಳುವಷ್ಟು ಹತ್ತಿರವಿರಲಿಲ್ಲ. ಆ ಮೋಡದ ಎಷ್ಟೋ ಮೇಲೆ, ನಕ್ಷತ್ರ ಕಾಣುವ ಬರಿಯ ಆಕಾಶದಲ್ಲಿ, ಕೆಂಪಗೆ ಬೇರುಬೇರಾಗಿ ಏನೋ ಮೂಡಿ ರೆಪ್ಪೆ ಬಡಿಯುವಷ್ಟರಲ್ಲಿ ಮಾಯವಾಯಿತಂತೆ. ಎರಡು ಮೂರು ಸಲ ಹಾಗಾಯಿತಂತೆ. ಮಿಂಚು ಮೇಲಕ್ಕೂ ಹೋಗುತ್ತದೆಯೇ ಎಂಬುದು ಅವನ ಪ್ರಶ್ನೆ.

ಮಿಂಚು ಮೋಡದೊಳಗೆ, ಮೋಡದಿಂದ ಮೋಡಕ್ಕೆ, ಇಲ್ಲವೇ ಮೋಡದಿಂದ ನೆಲಕ್ಕೆ ಮಾತ್ರ ಹೊಡೆಯುತ್ತದೆ. ನಿನ್ನ ಕಣ್ಣಿಗೆ ನಿದ್ದೆ ಹತ್ತಿರಬೇಕು ಎಂದು ನಾನು ಉತ್ತರ ಕೊಟ್ಟೆ. ತರಗತಿ ನಕ್ಕಿತು. ನಾನೂ ನಕ್ಕೆ. ಹುಡುಗ ಕುಳಿತುಕೊಂಡ. ಆ ವರ್ಷವಾಗಲಿ ಮರುವರ್ಷವಾಗಲಿ ಅವನು ನನ್ನ ತರಗತಿಯಲ್ಲಿ ಮತ್ತೆ ಪ್ರಶ್ನೆ ಕೇಳಿದ್ದು ನೆನಪಿಲ್ಲ. ಹತ್ತನೆಯ ತರಗತಿ ಪಾಸು ಮಾಡಿ ಊರು ಬಿಟ್ಟ. ಹನ್ನೆರಡು ಹದಿಮೂರು ವರ್ಷಗಳ ಮೇಲೆ ಒಂದು ವಿಜ್ಞಾನ ಪತ್ರಿಕೆಯಲ್ಲಿ ಮೋಡದ ಮೇಲಿನ ಕೆಂಪು ಮಿಂಚಿನ ಚಿತ್ರ ನೋಡಿದಾಗ ನನ್ನ ಕೈ ಹಾಗೇ ನಿಂತುಬಿಟ್ಟಿತು. ಆ ಲೇಖನದಲ್ಲಿ ವಿಲ್ಸನ್ ಅವರ ಹೆಸರಿತ್ತು. ಅಂಥದೊಂದು ಮಿಂಚು ಇರಲೇಬೇಕೆಂದು ಅವರು 1925ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. ಅಂದಿನಿಂದ ಅವರ ಬದುಕನ್ನು ಹುಡುಕಿ ಓದುತ್ತಾ ಬಂದಿದ್ದೇನೆ.

ವಿಲ್ಸನ್ ಹುಟ್ಟಿದ್ದು 1869ರ ಫೆಬ್ರುವರಿ 14ರಂದು, ಎಡಿನ್‌ಬರೋ ನಗರದ ಹತ್ತಿರ, ಪೆಂಟ್‌ಲೆಂಡ್ ಬೆಟ್ಟಸಾಲಿನ ಸೆರಗಿನ ಗ್ಲೆನ್‌ಕೋರ್ಸ್ ಎಂಬಲ್ಲಿ. ತಂದೆ ಜಾನ್ ವಿಲ್ಸನ್ ಕುರಿ ಸಾಕುವ ರೈತರು. ಹೌದು, ಅವರದೂ ಕುರಿ ಸಾಕುವ ಮನೆಯೇ. ಮಗುವಿಗೆ ನಾಲ್ಕು ವರ್ಷವಾದಾಗ ತಂದೆ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರಕ್ಕೆ ಹೋದರು. ಹುಡುಗನ ಓದಿಗೆ ನೆರವಾದದ್ದು ಆಗ ಕಲ್ಕತ್ತೆಯಲ್ಲಿ ವ್ಯಾಪಾರದಲ್ಲಿದ್ದ ಮಲ ಅಣ್ಣ ವಿಲಿಯಂ ಕಳಿಸುತ್ತಿದ್ದ ಹಣ. ನಮ್ಮ ದೇಶದಲ್ಲಿ ದುಡಿದ ಹಣ ಹೀಗೆ ಒಬ್ಬ ದೊಡ್ಡ ವಿಜ್ಞಾನಿಯ ಓದಿಗೆ ಸಂದಿತು.

ವೈದ್ಯನಾಗಬೇಕೆಂದು ಹೊರಟ ವಿಲ್ಸನ್ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಹದಿನೆಂಟಕ್ಕೆ ಪದವಿ ಪಡೆದರು. 1888ರಲ್ಲಿ ವಿದ್ಯಾರ್ಥಿವೇತನ ಗೆದ್ದು ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜು ಸೇರಿದರು. ಅಲ್ಲಿ ಮನಸ್ಸು ಭೌತಶಾಸ್ತ್ರದ ಕಡೆ ತಿರುಗಿತು. 1892ರಲ್ಲಿ ಪದವಿ ಮುಗಿದ ಮೇಲೆ ಸಂಪಾದನೆಯ ಚಿಂತೆ. ಕೆಲಕಾಲ ಬ್ರ್ಯಾಡ್‌ಫರ್ಡ್ ಊರಿನ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಮಾಡಿದರು. ಅವರು ಒಳ್ಳೆಯ ಮಾತುಗಾರರಾಗಿರಲಿಲ್ಲ. ನಾಚಿಕೆಯ ಸ್ವಭಾವ, ಮಾತಿನಲ್ಲಿ ತಡವರಿಕೆ. ಸಂಶೋಧನೆ ಮಾಡುವ ಆಸೆಯಿಂದ ಕೇಂಬ್ರಿಡ್ಜಿಗೆ ಹಿಂದಿರುಗಿ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ರಯೋಗ ತೋರಿಸುವ ಸಣ್ಣ ಕೆಲಸದಲ್ಲಿ ನಿಂತರು.

ಅವರ ಬದುಕನ್ನು ತಿರುಗಿಸಿದ್ದು 1894ರ ಸೆಪ್ಟೆಂಬರ್ ತಿಂಗಳ ಎರಡು ವಾರ. ಸ್ಕಾಟ್ಲೆಂಡಿನ ಅತಿ ಎತ್ತರದ ಬೆಟ್ಟವಾದ ಬೆನ್ ನೆವಿಸ್ ನೆತ್ತಿಯ ಮೇಲೆ ಆಗ ಒಂದು ಹವಾಮಾನ ವೀಕ್ಷಣಾಲಯವಿತ್ತು. ಎತ್ತರ ಸುಮಾರು 1345 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸಾಕಷ್ಟು ತಗ್ಗು, ಆದರೆ ಚಳಿ ಮತ್ತು ಮೋಡದಲ್ಲಿ ಬಹಳ ಮೇಲು. ಅಲ್ಲಿನ ಕಾಯಂ ವೀಕ್ಷಕರು ರಜೆ ಹೋದಾಗ ಬದಲಿ ಕೆಲಸಕ್ಕೆ ಹೋಗುವ ಯುವಕರಲ್ಲಿ ವಿಲ್ಸನ್ ಒಬ್ಬರು. ಬೆಳಗಿನ ಬಿಸಿಲು ಬಿದ್ದಾಗ ಬೆಟ್ಟದ ನೆರಳು ಕೆಳಗಿನ ಮೋಡದ ಮೇಲೆ ಬೀಳುತ್ತಿತ್ತು. ಅಂಚಿನಲ್ಲಿ ನಿಂತವರ ನೆರಳಿನ ತಲೆಯ ಸುತ್ತ ಬಣ್ಣದ ಉಂಗುರಗಳು ಮೂಡುತ್ತಿದ್ದವು. ಇದನ್ನು ಪ್ರಯೋಗಾಲಯದಲ್ಲಿ ತಾನೇ ಮಾಡಿ ನೋಡಬೇಕೆಂಬ ಹಂಬಲ ಅವರಿಗೆ ಹತ್ತಿತು.

1895ರ ಆರಂಭದಲ್ಲಿ ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ, ಜೆ.ಜೆ. ಥಾಮ್ಸನ್ ಅವರ ಆಶ್ರಯದಲ್ಲಿ, ಗಾಜಿನ ಪಾತ್ರೆಯೊಳಗೆ ಮೋಡ ಮಾಡಲು ಕುಳಿತರು. ತೇವದ ಗಾಳಿಯನ್ನು ಥಟ್ಟನೆ ಹಿಗ್ಗಿಸಿದರೆ ಅದು ತಣ್ಣಗಾಗಿ ಹಬೆ ಹನಿಯಾಗುತ್ತದೆ. ಹನಿ ಕೂರಲು ದೂಳಿನ ಕಣ ಬೇಕೆಂದು ಆಗಿನವರ ತಿಳಿವಳಿಕೆ. ದೂಳನ್ನೆಲ್ಲ ತೆಗೆದ ಗಾಳಿಯಲ್ಲೂ, ಪಾತ್ರೆಯ ಅಳತೆ ಸುಮಾರು ಒಂದೂಕಾಲು ಪಟ್ಟು ದಾಟುವಂತೆ ಹಿಗ್ಗಿಸಿದರೆ ಹನಿಗಳು ಮೂಡುವುದನ್ನು ವಿಲ್ಸನ್ ಕಂಡರು. ಮರುವರ್ಷ, ಹೊಸದಾಗಿ ಪತ್ತೆಯಾಗಿದ್ದ ಕ್ಷ-ಕಿರಣವನ್ನು ಪಾತ್ರೆಯ ಮೇಲೆ ಹಾಯಿಸಿದಾಗ ಹನಿಗಳು ದಟ್ಟ ಮಂಜಾದವು. ಹಾಗಾದರೆ ಹನಿ ಕೂರುವುದು ಗಾಳಿಯಲ್ಲಿ ಕಾಣದಂತಿರುವ ವಿದ್ಯುದಾವೇಶದ ಕಣಗಳ ಮೇಲೆ, ಅಂದರೆ ಅಯಾನುಗಳ ಮೇಲೆ, ಎಂದು ತಿಳಿಯಿತು.

ಇದೇ ಜಾಡಿನಲ್ಲಿ ಹದಿನೈದು ವರ್ಷ ನಡೆದು 1911ರಲ್ಲಿ ಅವರು ಮೋಡದ ಪೆಟ್ಟಿಗೆಯಲ್ಲಿ, ಅಂದರೆ ಕ್ಲೌಡ್ ಚೇಂಬರಿನಲ್ಲಿ, ಒಂದೊಂದೇ ಕಣ ಹಾದುಹೋದ ದಾರಿಯನ್ನು ಹನಿಗಳ ಗೆರೆಯಾಗಿ ಫೋಟೋ ತೆಗೆದರು. ಪರಮಾಣುವಿಗಿಂತ ಚಿಕ್ಕದಾದ ಕಣದ ಹೆಜ್ಜೆ ಕಣ್ಣಿಗೆ ಕಂಡಿತು. ಇದಕ್ಕಾಗಿ 1927ರಲ್ಲಿ ಅಮೆರಿಕದ ಆರ್ಥರ್ ಕಾಂಪ್ಟನ್ ಅವರೊಂದಿಗೆ ನೊಬೆಲ್ ಬಹುಮಾನ ಹಂಚಿಕೊಂಡರು. ಅವರ ಹೆಸರು ಪಠ್ಯಪುಸ್ತಕಗಳಲ್ಲಿರುವುದು ಈ ಪೆಟ್ಟಿಗೆಯಿಂದಲೇ. ಅದಕ್ಕೆ ಬೇಕಾದ ಗಾಜಿನ ಭಾಗಗಳನ್ನು ಅವರೇ ಊದಿ ಮಾಡುತ್ತಿದ್ದರು. ದಿನಗಟ್ಟಲೆ ತಿದ್ದಿದ ಗಾಜು ಒಡೆದುಹೋದರೆ ಬೇಸರಪಡದೆ ಇನ್ನೊಂದು ಕೊಳವೆ ಎತ್ತಿಕೊಳ್ಳುತ್ತಿದ್ದರಂತೆ. ಒಂದು ಬೀಕರು ಒಡೆದರೆ ಮಕ್ಕಳನ್ನು ಬೈಯುತ್ತಿದ್ದ ನನಗೆ ಇದನ್ನು ಓದಿದಾಗ ನಾಚಿಕೆಯಾಯಿತು.

ಆದರೆ ನಾನು ಹೇಳಬೇಕಾದ ವಿಲ್ಸನ್ ಮಿಂಚಿನ ವಿಲ್ಸನ್. 1895ರ ಜೂನ್ ತಿಂಗಳಲ್ಲಿ ಅವರು ಮತ್ತೆ ಅದೇ ಬೆಟ್ಟಗಳಿಗೆ ಹೋದರು. ಬೆನ್ ನೆವಿಸ್ ಪಕ್ಕದ ಕಾರ್ನ್ ಮೋರ್ ಜಾರಗ್ ಎಂಬ ಶಿಖರದ ಮೇಲೆ ನಿಂತಿದ್ದಾಗ ಇದ್ದಕ್ಕಿದ್ದಂತೆ ತಲೆಯ ಕೂದಲು ನಿಮಿರಿ ನಿಂತಿತು. ಮೋಡದ ಆವೇಶ ತಮ್ಮ ಮೈ ಮೂಲಕ ನೆಲವನ್ನು ಹುಡುಕುತ್ತಿದೆ ಎಂದು ಅವರಿಗೆ ತಕ್ಷಣ ಹೊಳೆಯಿತು. ಕ್ಷಣವೂ ನಿಲ್ಲದೆ ಇಳಿಜಾರಿನಲ್ಲಿ ಓಡಿದರು. ಹಿಂದೆಯೇ ಸಿಡಿಲು ಬಡಿಯಿತು. ಹೊಲದಲ್ಲೋ ಬಯಲಲ್ಲೋ ಕೂದಲು ನಿಮಿರಿದರೆ, ಚರ್ಮ ಚುರುಗುಟ್ಟಿದರೆ ಅದು ಸಿಡಿಲಿನ ಕೊನೆಯ ಎಚ್ಚರಿಕೆ ಎಂದು ನಮ್ಮ ಮಕ್ಕಳು ತಿಳಿದಿರಬೇಕು. ಅಷ್ಟು ಹೊತ್ತು ಕಾಯಲೂಬಾರದು. ಗುಡುಗು ಕೇಳಿದ ಕೂಡಲೇ ಮರದ ಬುಡ ಬಿಟ್ಟು ಗಟ್ಟಿ ಕಟ್ಟಡದೊಳಗೆ ಸೇರಬೇಕು. ವಿಲ್ಸನ್ ಅಂದು ಉಳಿದರು. ಗಾಳಿಯ ವಿದ್ಯುತ್ತಿನ ವಿಚಾರ ಅವರನ್ನು ಸಾಯುವವರೆಗೆ ಬಿಡಲಿಲ್ಲ.

1900ರ ಸುಮಾರಿಗೆ ಅವರಿಗೆ ಒಂದು ಒಗಟು ಎದುರಾಯಿತು. ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ವಿದ್ಯುದ್ದರ್ಶಕದ ಆವೇಶ ಮೆಲ್ಲಗೆ ಸೋರಿಹೋಗುತ್ತಿತ್ತು. ಒಳಗಿನ ಗಾಳಿಯನ್ನು ಯಾವುದೋ ಕಿರಣ ಒಡೆಯುತ್ತಿರಬೇಕು. ಅದು ಆಕಾಶದ ಆಚೆಯಿಂದ ಬರುತ್ತಿರಬಹುದೇ ಎಂದು ಅವರು ಅಚ್ಚಿನಲ್ಲೇ ಕೇಳಿದರು. ಪರೀಕ್ಷಿಸಲು ಉಪಕರಣವನ್ನು ಸ್ಕಾಟ್ಲೆಂಡಿನ ಪೀಬಲ್ಸ್ ಹತ್ತಿರದ ರೈಲು ಸುರಂಗಕ್ಕೆ ರಾತ್ರಿ ಹೊತ್ತಿನಲ್ಲಿ ಒಯ್ದರು. ಮೇಲೆ ಅಷ್ಟು ಬಂಡೆಯಿದ್ದರೂ ಸೋರಿಕೆ ಕಡಿಮೆಯಾಗಲಿಲ್ಲ. ಹಾಗಾಗಿ ಆ ಊಹೆಯನ್ನು ಕೈಬಿಟ್ಟರು. ಹನ್ನೊಂದು ವರ್ಷಗಳ ಮೇಲೆ, 1912ರಲ್ಲಿ, ವಿಕ್ಟರ್ ಹೆಸ್ ಬಲೂನಿನಲ್ಲಿ ಏರಿ ಆ ಕಿರಣಗಳು ನಿಜವಾಗಿಯೂ ಮೇಲಿನಿಂದಲೇ ಬರುತ್ತವೆಂದು ತೋರಿಸಿದರು. ಅವೇ ವಿಶ್ವಕಿರಣಗಳು. ಬಂಡೆಯೊಳಗೂ ಸ್ವಲ್ಪ ವಿಕಿರಣವಿರುವುದು ಸುರಂಗದ ಅಳತೆಯನ್ನು ದಾರಿ ತಪ್ಪಿಸಿತ್ತು. ಒಳ್ಳೆಯ ಪ್ರಶ್ನೆಯನ್ನು ಕೇಳಿದವರೇ ಅದನ್ನು ಕೈಬಿಟ್ಟ ಉದಾಹರಣೆ ಇದು. ಆದರೂ ಅವರು ಪ್ರಶ್ನೆಯನ್ನು ಬರೆದಿಟ್ಟಿದ್ದರು, ಅಳೆದು ನೋಡಿದ್ದರು. ನಾನು ಆ ಹುಡುಗನ ವಿಷಯದಲ್ಲಿ ಎರಡನ್ನೂ ಮಾಡಲಿಲ್ಲ.

1913ರಿಂದ ವಿಲ್ಸನ್ ಕೇಂಬ್ರಿಡ್ಜಿನ ಸೌರ ಭೌತವಿಜ್ಞಾನ ವೀಕ್ಷಣಾಲಯದಲ್ಲಿ ಹವಾಮಾನ ಭೌತವಿಜ್ಞಾನದ ವೀಕ್ಷಕರಾದರು. ಊರ ಹೊರಗಿನ ಬಯಲಿನಲ್ಲಿ ತಾವೇ ಮಾಡಿದ ಉಪಕರಣವಿಟ್ಟು, ದೂರದಲ್ಲಿ ಗುಡುಗು ಮಳೆ ಬಂದಾಗಲೆಲ್ಲ ನೆಲದ ಮೇಲಿನ ವಿದ್ಯುತ್ ಕ್ಷೇತ್ರ ಎಷ್ಟು ಏರುತ್ತದೆ, ಮಿಂಚಿದ ಕ್ಷಣದಲ್ಲಿ ಎಷ್ಟು ಜಿಗಿಯುತ್ತದೆ ಎಂದು ಅಳೆದರು. ಮಿಂಚನ್ನು ಮುಟ್ಟದೆ, ಕಿಲೋಮೀಟರುಗಳ ದೂರದಿಂದಲೇ ಅದರಲ್ಲಿ ಹರಿದ ಆವೇಶವನ್ನು ಲೆಕ್ಕ ಹಾಕುವ ಉಪಾಯ ಅದು. ಒಂದು ಮಿಂಚಿನಲ್ಲಿ ಸರಾಸರಿ 20 ಕೂಲಂ ಆವೇಶ ಹರಿಯುತ್ತದೆಂದು 1920ರಲ್ಲಿ ಪ್ರಕಟಿಸಿದರು.

ಇಲ್ಲಿಂದ ಅವರ ಯೋಚನೆ ಇಡೀ ಭೂಮಿಗೆ ಹಬ್ಬಿತು. ಮೋಡವಿಲ್ಲದ ದಿನವೂ ನೆಲದ ಬಳಿ ಪ್ರತಿ ಮೀಟರಿಗೆ ನೂರು ವೋಲ್ಟಿನಷ್ಟು ವಿದ್ಯುತ್ ಕ್ಷೇತ್ರವಿರುತ್ತದೆ. ಭೂಮಿ ಋಣ ಆವೇಶ ಹೊತ್ತಿದೆ. ವಿಶ್ವಕಿರಣಗಳು ಗಾಳಿಯಲ್ಲಿ ಅಯಾನುಗಳನ್ನು ಹುಟ್ಟಿಸುತ್ತಲೇ ಇರುವುದರಿಂದ ಆ ಆವೇಶ ಸದಾ ಸೋರುತ್ತಿರುತ್ತದೆ. ತುಂಬುವವರಿಲ್ಲದಿದ್ದರೆ ಗಂಟೆಯೊಳಗೆ ಹೆಚ್ಚುಕಡಿಮೆ ಬರಿದಾಗಬೇಕು. ಆದರೂ ಬರಿದಾಗುವುದಿಲ್ಲ. ಯಾರು ತುಂಬುತ್ತಾರೆ? ಜಗತ್ತಿನ ಗುಡುಗು ಮೋಡಗಳೇ ಸೇರಿ ತುಂಬುತ್ತವೆ ಎಂದರು ವಿಲ್ಸನ್. ಮೋಡವೊಂದು ಬ್ಯಾಟರಿ, ಅದು ನೆಲಕ್ಕೆ ಋಣ ಆವೇಶವನ್ನು ಕಳಿಸಿ, ಮೇಲಿನ ಪದರಕ್ಕೆ ಧನ ಆವೇಶವನ್ನು ದೂಡುತ್ತದೆ. ಮೇಲೆ ವಿದ್ಯುತ್ ಹರಿಯುವ ಪದರವೊಂದಿದೆ ಎಂದು 1902ರಲ್ಲೇ ಕೆನೆಲಿ ಮತ್ತು ಹೆವಿಸೈಡ್ ಊಹಿಸಿದ್ದರು. 1924ರಲ್ಲಿ ಎಡ್ವರ್ಡ್ ಆಪಲ್ಟನ್ ರೇಡಿಯೊ ಅಲೆಗಳಿಂದ ಅದನ್ನು ಸಾಧಿಸಿದರು. ಅದೇ ನಾವು ಅಯಾನುಗೋಳವೆಂದು ಕಲಿಸುವ ಪದರ.

ಇದಕ್ಕೆ ಸಮುದ್ರದಿಂದ ಸಾಕ್ಷಿ ಬಂತು. ಕಾರ್ನೆಗಿ ಎಂಬ ಸಂಶೋಧನಾ ಹಡಗು ಸಾಗರಗಳನ್ನು ಸುತ್ತಿ ಮಾಡಿದ ಅಳತೆಗಳಲ್ಲಿ, ಹಡಗು ಎಲ್ಲೇ ಇರಲಿ, ಗಾಳಿಯ ವಿದ್ಯುತ್ ಕ್ಷೇತ್ರ ಒಂದೇ ಹೊತ್ತಿಗೆ, ಗ್ರೀನಿಚ್ ಕಾಲಮಾನ ಸಂಜೆ 7ರ ಸುಮಾರಿಗೆ, ಗರಿಷ್ಠವಾಗುತ್ತಿತ್ತು. ಆಫ್ರಿಕದ ಮತ್ತು ಅಮೆರಿಕ ಖಂಡಗಳ ಗುಡುಗು ಮೋಡಗಳು ಹೆಚ್ಚು ಜೋರಾಗಿರುವ ಹೊತ್ತಿಗೆ ಅದು ಹೊಂದುತ್ತದೆ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹನ್ನೆರಡೂವರೆ. ನಮ್ಮ ಊರು ನಿದ್ದೆಯಲ್ಲಿರುವಾಗ ಅಮೆಜಾನ್ ಕಾಡಿನ ಸಿಡಿಲು ನಮ್ಮ ಶಾಲೆಯ ಅಂಗಳದ ಗಾಳಿಯಲ್ಲೂ ತನ್ನ ಪಾಲು ಸೇರಿಸುತ್ತಿರುತ್ತದೆ.

1925ರಲ್ಲಿ ವಿಲ್ಸನ್ ಎರಡು ವಿಚಾರಗಳನ್ನು ಪ್ರಕಟಿಸಿದರು. ಮೊದಲನೆಯದು ನಮ್ಮ ಹುಡುಗನ ಪ್ರಶ್ನೆಗೆ ಉತ್ತರ. ಮೋಡದಿಂದ ಮೇಲೆ ಹೋದಂತೆ ಅದರ ವಿದ್ಯುತ್ ಕ್ಷೇತ್ರ ಕುಗ್ಗುತ್ತದೆ, ನಿಜ. ಆದರೆ ಗಾಳಿ ಅದಕ್ಕಿಂತ ಬೇಗ ತೆಳುವಾಗುತ್ತದೆ. ಅರುವತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದಲ್ಲಿರುವುದರ ಸಾವಿರದಲ್ಲೊಂದು ಪಾಲೂ ಇಲ್ಲ. ತೆಳು ಗಾಳಿಯನ್ನು ಸೀಳಲು ಚಿಕ್ಕ ಕ್ಷೇತ್ರ ಸಾಕು. ಪ್ರಯೋಗಾಲಯದಲ್ಲಿ ಗಾಳಿ ಹೀರಿದ ಕೊಳವೆ ಕಡಿಮೆ ವೋಲ್ಟಿಗೇ ಹೊತ್ತಿಕೊಳ್ಳುವುದು ಇದೇ ಕಾರಣಕ್ಕೆ. ಆದ್ದರಿಂದ ದೊಡ್ಡ ಮಿಂಚು ಕೆಳಗೆ ಬಡಿದಾಗ ಮೋಡದ ಬಹು ಮೇಲೆ ಗಾಳಿ ಹೊಳೆಯಲೇಬೇಕು. ಎರಡನೆಯದು, ಮೋಡದ ಬಲವಾದ ಕ್ಷೇತ್ರದಲ್ಲಿ ವೇಗದ ಎಲೆಕ್ಟ್ರಾನು ಗಾಳಿಯ ತಡೆಯನ್ನು ಮೀರಿ ಇನ್ನೂ ಇನ್ನೂ ವೇಗ ಪಡೆದು ಓಡಬಲ್ಲದು ಎಂಬುದು.

ಎರಡಕ್ಕೂ ಆಗ ಸಾಕ್ಷಿಯಿರಲಿಲ್ಲ. ಮೋಡದ ಮೇಲೆ ಬೆಳಕು ಕಂಡೆವೆಂದು ವಿಮಾನ ಚಾಲಕರು ಆಗಾಗ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ವಿಲ್ಸನ್ ವಾದಕ್ಕೆ ನಿಲ್ಲುವವರೂ ಅಲ್ಲ. 1925ರಿಂದ 1934ರವರೆಗೆ ಕೇಂಬ್ರಿಡ್ಜಿನಲ್ಲಿ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದರು. ಆಮೇಲೆ ಸ್ಕಾಟ್ಲೆಂಡಿಗೆ ಮರಳಿ, ಕೊನೆಗೆ ಹುಟ್ಟಿದ ಜಾಗಕ್ಕೆ ಹತ್ತಿರದ ಕಾರ್ಲಾಪ್ಸ್ ಹಳ್ಳಿಯಲ್ಲಿ ಪತ್ನಿ ಜೆಸಿಯವರೊಂದಿಗೆ ನೆಲೆಸಿದರು. ಬೆಟ್ಟ ಹತ್ತುವುದನ್ನು ಬಿಡಲಿಲ್ಲ. ಎಂಬತ್ತಾರನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಮಾನ ಏರಿ ಮೋಡಗಳನ್ನು ಮೇಲಿನಿಂದ ನೋಡಿದರು. ಎಂಬತ್ತೇಳರಲ್ಲಿ, 1956ರಲ್ಲಿ, ಗುಡುಗು ಮೋಡದ ವಿದ್ಯುತ್ತಿನ ಬಗ್ಗೆ ತಮ್ಮ ಕೊನೆಯ ಪ್ರಬಂಧವನ್ನು ರಾಯಲ್ ಸೊಸೈಟಿಗೆ ಕೊಟ್ಟರು. 1959ರ ನವೆಂಬರ್ 15ರಂದು, ತೊಂಬತ್ತು ದಾಟಿ, ಅದೇ ಹಳ್ಳಿಯಲ್ಲಿ ಕಣ್ಣು ಮುಚ್ಚಿದರು.

ಅವರು ಹೋಗಿ ಮೂವತ್ತು ವರ್ಷವಾಗುತ್ತಿತ್ತು. 1989ರ ಜುಲೈಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಕೆಟ್ ಪ್ರಯೋಗವೊಂದಕ್ಕಾಗಿ ಮಂದ ಬೆಳಕಿನ ಕ್ಯಾಮೆರಾವನ್ನು ಪರೀಕ್ಷಿಸುತ್ತಿದ್ದರು. ದೂರದ ಗುಡುಗು ಮೋಡದ ಮೇಲೆ ಎರಡು ಬೆಳಕಿನ ಕಂಬಗಳು ಆಕಸ್ಮಿಕವಾಗಿ ಸೆರೆಸಿಕ್ಕವು. ಅವಕ್ಕೆ ಮುಂದೆ ಸ್ಪ್ರೈಟ್ ಎಂಬ ಹೆಸರು ಬಂತು. ಐವತ್ತರಿಂದ ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ, ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಷ್ಟು ಹೊತ್ತು, ಸಾರಜನಕದ ಕೆಂಪು ಬಣ್ಣದಲ್ಲಿ, ಬೇರಿನಂತೆ ಇಳಿಬಿಟ್ಟು ಹೊಳೆಯುವ ಮಿಂಚು ಅದು. ಐದು ವರ್ಷದ ಮೇಲೆ ಇನ್ನೊಂದು ಸುದ್ದಿ: ಭೂಮಿಯ ಗುಡುಗು ಮೋಡಗಳ ಕಡೆಯಿಂದಲೇ ಗಾಮಾ ಕಿರಣಗಳು ಚಿಮ್ಮುವುದನ್ನು ಉಪಗ್ರಹವೊಂದು ಕಂಡಿತ್ತು. ಓಡುವ ಎಲೆಕ್ಟ್ರಾನುಗಳ ವಿಲ್ಸನ್ ಮಾತಿಗೆ ಅದು ಪುರಾವೆ. ಆ ಉಪಗ್ರಹಕ್ಕೆ ಇಟ್ಟಿದ್ದ ಹೆಸರು ಕಾಂಪ್ಟನ್. ವಿಲ್ಸನ್ ಜೊತೆ ನೊಬೆಲ್ ಹಂಚಿಕೊಂಡ ಅದೇ ಕಾಂಪ್ಟನ್.

ಇಂದು ವಿಲ್ಸನ್ ಹಿಡಿದ ಎಳೆ ಸೂರ್ಯನವರೆಗೆ ಹೋಗಿದೆ. ಅಯಾನುಗೋಳವನ್ನು ಹುಟ್ಟಿಸುವುದು ಸೂರ್ಯನ ನೇರಳಾತೀತ ಮತ್ತು ಕ್ಷ-ಕಿರಣಗಳು. ಸೂರ್ಯನ ಮೇಲೆ ಸ್ಫೋಟವಾದರೆ ಆ ಪದರ ಕದಡಿ ರೇಡಿಯೊ ಸಂಪರ್ಕ ಕೆಡುತ್ತದೆ, ಉಪಗ್ರಹಗಳಿಗೆ ತೊಂದರೆಯಾಗುತ್ತದೆ. ಇದಕ್ಕೇ ಬಾಹ್ಯಾಕಾಶ ಹವಾಮಾನ ಎನ್ನುತ್ತಾರೆ. ಕೆಳಗಿನಿಂದ ಮಿಂಚಿನ ರೇಡಿಯೊ ಅಲೆಗಳೂ ಮೇಲೇರಿ, ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳನ್ನು ಉದುರಿಸುತ್ತವೆ. ಮೇಲಿನ ಗಾಳಿ ಹೀಗೆ ಸೂರ್ಯ ಮತ್ತು ಸಿಡಿಲು ಎರಡಕ್ಕೂ ಬಾಗಿಲು. 2023ರ ಸೆಪ್ಟೆಂಬರ್ 2ರಂದು ಇಸ್ರೋ ಹಾರಿಸಿದ ಆದಿತ್ಯ-ಎಲ್1 ಸೂರ್ಯನನ್ನು ಕಾಯುತ್ತಿದೆ. ಅದರ ಮುಖ್ಯ ದೂರದರ್ಶಕವನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ.

ಆ ರಾತ್ರಿ ಗುಡ್ಡದ ಮೇಲೆ ಹುಡುಗ ಕಂಡದ್ದು ಸ್ಪ್ರೈಟೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಕತ್ತಲಿಗೆ ಒಗ್ಗಿದ ಕಣ್ಣು, ದೂರದ ದೊಡ್ಡ ಗುಡುಗು ಮೋಡ, ಮೇಲೆ ಶುಭ್ರ ಆಕಾಶ: ಬರಿಗಣ್ಣಿಗೆ ಅದು ಕಾಣಲು ಬೇಕಾದದ್ದೆಲ್ಲ ಅಲ್ಲಿತ್ತು. ನಾನು ಮಾಡಬೇಕಾಗಿದ್ದ ಕೆಲಸ ಸಣ್ಣದು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ, ಮೋಡದಿಂದ ಎಷ್ಟು ಗೇಣು ಮೇಲೆ ಎಂದು ಕೇಳಿ, ಕಪ್ಪುಹಲಗೆಯ ಮೇಲೆ ಚಿತ್ರ ಬರೆಯಿಸಿ, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದರೆ ಸಾಕಿತ್ತು. 1982ರಲ್ಲಿ ಆ ಮಿಂಚಿನ ಚಿತ್ರ ಜಗತ್ತಿನ ಯಾವ ವಿಜ್ಞಾನಿಯ ಬಳಿಯೂ ಇರಲಿಲ್ಲ. ಗೊತ್ತಿಲ್ಲ ಎನ್ನಲು ನಾನು ನಾಚಬೇಕಾಗಿರಲಿಲ್ಲ.

ಆ ವಿದ್ಯಾರ್ಥಿಗೆ ಈಗ ಐವತ್ತೈದು ದಾಟಿರಬೇಕು. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳ ಕೈ ಸೇರುತ್ತದೆ ಎಂದು ಸಂಪಾದಕರು ಹೇಳಿದ್ದಾರೆ. ಅವನ ಕೈಗೂ ಸೇರಿದರೆ, ನಲವತ್ತು ವರ್ಷ ತಡವಾದ ನನ್ನ ಉತ್ತರ ಇದು: ಹೌದಪ್ಪಾ, ಮಿಂಚು ಮೇಲೂ ಇದೆ. ನೀನು ಸರಿಯಾದದ್ದನ್ನೇ ಕೇಳಿದ್ದೆ. ನಕ್ಕದ್ದು ನನ್ನ ತಪ್ಪು.

ಇಂದು ಈ ಶಾಲೆಯಲ್ಲಿ ಕಲಿಯುತ್ತಿರುವ ಮಕ್ಕಳಿಗೆ ನನ್ನದೊಂದೇ ಕೋರಿಕೆ. ನೋಡಿದ್ದನ್ನು ಅಂದೇ ದಿನಾಂಕ ಹಾಕಿ ಬರೆದಿಡಿ. ಮೇಷ್ಟ್ರು ನಕ್ಕರೂ ಹರಿದು ಹಾಕಬೇಡಿ. ನನ್ನ ಬಳಿಕ ಈ ತರಗತಿಗಳಿಗೆ ಬಂದಿರುವ ಶಿಕ್ಷಕ ಬಂಧುಗಳಿಗೂ ಒಂದು ಮಾತು: ಹಟ್ಟಿಯಿಂದ, ಹೊಲದಿಂದ ಬರುವ ಮಗು ನಾವು ನೋಡದ ಆಕಾಶವನ್ನು ನೋಡಿ ಬಂದಿರುತ್ತದೆ. ಅದು ಎದ್ದು ನಿಂತಾಗ ಸೀಮೆಸುಣ್ಣ ಕೆಳಗಿಟ್ಟು ಕೇಳೋಣ. ಶಾಲೆ ನೂರು ಕಾಲ ಬಾಳಲಿ.